ಹಸಿರು ತಂತ್ರಜ್ಞಾನದ ಸಾಹಸಕಥೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವೈಜ್ಞಾನಿಕ ಸಾಹಸಕಥೆಗಳನ್ನು ಓದುವವರಿಂದ, ಅದಕ್ಕಿಂತ ಹೆಚ್ಚಾಗಿ ಬರೆಯಲು ಹೊರಟವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇವೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳಬೇಕಾದವು ಆಮೇಲೆ. ಉತ್ತರಗಳಲ್ಲಿ ‘ಯೂನಿಟ್’ ಎಂದಿರುವುದು ಕರೆಂಟ್ ಬಿಲ್ಲಿನ ಯೂನಿಟ್ಟೇ, ಅಂದರೆ 1 ಕಿಲೋವ್ಯಾಟ್-ಗಂಟೆ.

## ಶುರು ಮಾಡುವವರಿಗೆ

ಪರಿಸರದ ಕಥೆ ಅಂದಮೇಲೆ ಕೊನೆಗೆ ಉಪದೇಶ ಇರಲೇಬೇಕಾ? ಸಾಹಸಕ್ಕೂ ಇದಕ್ಕೂ ಎಲ್ಲಿಯ ಸಂಬಂಧ?

ಉಪದೇಶ ಬೇಕಿಲ್ಲ. ಇದ್ದರೆ ಓದುಗರು ಆ ಪುಟ ಹಾರಿಸುತ್ತಾರೆ, ಅಷ್ಟೆ. ಸಾಹಸಕಥೆಗೆ ಬೇಕಾದದ್ದು ಮುಗಿಯುತ್ತ ಬರುವ ಏನೋ ಒಂದು: ಹೊತ್ತು, ಗುಂಡು, ಉಸಿರು. ಪರಿಸರ ಇದನ್ನು ಧಾರಾಳವಾಗಿ ಕೊಡುತ್ತದೆ. ಕ್ಯಾನಿನಲ್ಲಿ 40 ಲೀಟರ್ ನೀರಿದೆ, ಹೊರಟವರು ನಾಲ್ವರು, ಮುಂದಿನ ಬಾವಿಗೆ ಮೂರು ದಿನದ ನಡಿಗೆ ಎಂದಿಟ್ಟುಕೊಳ್ಳಿ. ಉರಿಬಿಸಿಲಲ್ಲಿ ನಡೆಯುವವರಿಗೆ ದಿನಕ್ಕೆ ತಲಾ 4 ಲೀಟರಾದರೂ ಬೇಕು, ಒಟ್ಟು 48. ಆ ಎಂಟು ಲೀಟರಿನ ಕೊರತೆಯೇ ನಿಮ್ಮ ಅಧ್ಯಾಯ. ಯಾರು ವಾಪಸಾಗಬೇಕು, ಹಗಲು ಮಲಗಿ ರಾತ್ರಿ ನಡೆದರೆ ಎಷ್ಟು ಉಳಿಯುತ್ತದೆ, ಕದ್ದು ಕುಡಿದವರು ಯಾರು. ಹಸಿರು ಯಂತ್ರಗಳ ಕಥೆಯೂ ಇದೇ ಜಾಡಿನದು. ಯಂತ್ರ ಸಲೀಸಾಗಿ ಓಡುವಷ್ಟು ಹೊತ್ತು ಅದು ಬರೀ ಹಿನ್ನೆಲೆ. ಅದರ ಮಿತಿ ಎದುರಾದ ಕ್ಷಣಕ್ಕೆ ಕಥೆ ಶುರುವಾಗುತ್ತದೆ.

ಇದೆಲ್ಲ ಇತ್ತೀಚಿನ ಹವಾಮಾನ ಗಲಾಟೆ ಶುರುವಾದ ಮೇಲೆ ಬಂದದ್ದಲ್ವಾ?

ಅಲ್ಲ. 1875ರಲ್ಲಿ ಮುಗಿದ ಜೂಲ್ಸ್ ವೆರ್ನ್‌ನ ‘ನಿಗೂಢ ದ್ವೀಪ’ದಲ್ಲಿ ಇಂಜಿನಿಯರ್ ಒಬ್ಬ, ಕಲ್ಲಿದ್ದಲು ಮುಗಿದ ಮೇಲೆ ನೀರನ್ನೇ ಒಡೆದು ಉರಿಸುತ್ತೇವೆ ಎನ್ನುತ್ತಾನೆ. ಒಡೆಯಲು ಬೇಕಾದ ಕರೆಂಟು ಎಲ್ಲಿಂದ ಎಂಬುದನ್ನು ಅವನೂ ತೇಲಿಸಿಬಿಡುತ್ತಾನೆ, ಇಂದಿನ ಎಷ್ಟೋ ಕಥೆಗಳ ಹಾಗೆಯೇ. 1896ರಲ್ಲಿ ಜಗದೀಶಚಂದ್ರ ಬೋಸರು ಬಂಗಾಳಿಯಲ್ಲಿ ಬರೆದ ಕಥೆಯಲ್ಲಿ ಚಂಡಮಾರುತ ಒಂದು ಬಾಟಲಿ ತಲೆಎಣ್ಣೆಗೆ ತಣ್ಣಗಾಗುತ್ತದೆ. ತಲೆಎಣ್ಣೆ ತಯಾರಕರೇ ನಡೆಸಿದ ಸ್ಪರ್ಧೆಗೆ ಬರೆದದ್ದಾದ್ದರಿಂದ ಎಣ್ಣೆ ಬರಲೇಬೇಕಿತ್ತು.

ನಮ್ಮ ಮಟ್ಟಿಗೆ ಇವೆರಡಕ್ಕಿಂತ ದೊಡ್ಡದು 1905ರಲ್ಲಿ ಮದರಾಸಿನ ಇಂಗ್ಲಿಷ್ ಮಹಿಳಾ ಪತ್ರಿಕೆಯೊಂದರಲ್ಲಿ ಅಚ್ಚಾದ ಬೇಗಂ ರೊಕೆಯಾ ಅವರ ‘ಸುಲ್ತಾನಾಳ ಕನಸು’. ಅಲ್ಲಿ ಹೆಂಗಸರು ಬಿಸಿಲಿನ ಶಾಖದಲ್ಲಿ ಅಡುಗೆ ಮಾಡುತ್ತಾರೆ, ಬಲೂನಿನಿಂದ ಮೋಡದ ನೀರು ಇಳಿಸುತ್ತಾರೆ, ದಂಡೆತ್ತಿ ಬಂದವರ ಮೇಲೆ ಅದೇ ಶಾಖ ತಿರುಗಿಸಿ ಓಡಿಸುತ್ತಾರೆ. ಹಸಿರು ತಂತ್ರಜ್ಞಾನ ಆಯುಧವೂ ಆಗಬಲ್ಲದು ಎಂಬುದು ಅಷ್ಟು ಹಿಂದೆಯೇ ಕಥೆಯೊಳಗೆ ಬಂದಿತ್ತು.

‘ಕರ್ವಾಲೊ’ವನ್ನು ಈ ಸಾಲಿಗೆ ಸೇರಿಸಬಹುದಾ?

ವೈಜ್ಞಾನಿಕ ಕಲ್ಪನೆ ಎಂದು ಹಣೆಪಟ್ಟಿ ಹಚ್ಚಿದರೆ ಜಗಳವಾಗುತ್ತದೆ, ವೈಜ್ಞಾನಿಕ ಸಾಹಸ ಎಂದರೆ ಯಾರೂ ತಕರಾರು ತೆಗೆಯಲಾರರು. ತೇಜಸ್ವಿಯವರ 1980ರ ಆ ಕಾದಂಬರಿಯಲ್ಲಿ ವಿಜ್ಞಾನಿಯೊಬ್ಬರು ಮಲೆನಾಡಿನ ಮಂದಿಯನ್ನು ಕಟ್ಟಿಕೊಂಡು ಹಾರುವ ಓತಿಯನ್ನು ಹುಡುಕುತ್ತ ಕಾಡಿಗೆ ನುಗ್ಗುತ್ತಾರೆ. ಕಲಿಯಬೇಕಾದದ್ದು ಪಾತ್ರಗಳ ಆಯ್ಕೆಯನ್ನು. ಕಾಡು ಹೆಚ್ಚು ಬಲ್ಲವನು ಮಂದಣ್ಣ, ಪದವಿ ಇರುವವರು ಬೇರೆ. ನಿಮ್ಮ ಕಥೆಯಲ್ಲೂ ಸೋಲಾರ್ ಪಂಪು ಬಿಚ್ಚಿ ರಿಪೇರಿ ಮಾಡುವವನು ಪ್ರೊಫೆಸರ್ ಆಗಿರಬೇಕಿಲ್ಲ.

ಸೋಲಾರ್‌ಪಂಕ್, ಕ್ಲೈ-ಫೈ ಎರಡೂ ಒಂದೇನಾ?

ಹವಾಮಾನ ಕೆಟ್ಟ ಲೋಕದ ಕಥೆಗಳಿಗೆಲ್ಲ ಕ್ಲೈ-ಫೈ ಎನ್ನುವುದು ರೂಢಿ, ಬಹುಪಾಲು ಕತ್ತಲೆಯ ಕಥೆಗಳು. ಸೋಲಾರ್‌ಪಂಕ್ ಎಂಬ ಹೆಸರು ಓಡಾಡತೊಡಗಿದ್ದು 2008ರ ಸುಮಾರಿಗೆ. ಆ ಹೆಸರಿನ ಮೊದಲ ಕಥಾಸಂಕಲನ 2012ರಲ್ಲಿ ಬ್ರೆಜಿಲ್‌ನಲ್ಲಿ ಬಂತು. ಇದರಲ್ಲಿ ಜನ ಹೇಗೋ ಸುಧಾರಿಸಿಕೊಂಡಿರುತ್ತಾರೆ. ಎಲ್ಲವೂ ಚೆನ್ನಾಗಿದೆ ಎಂದಮೇಲೆ ಕಥೆ ಎಲ್ಲಿಂದ ಬರಬೇಕು ಎಂಬುದು ಅದರ ಕಾಯಂ ತೊಂದರೆ.

ಅಂಕಿಗಳು ಜಾಸ್ತಿಯಾದ್ರೆ ಓದುವವರು ಓಡಿಹೋಗಲ್ವಾ? ಎಷ್ಟು ಹಾಕಬೇಕು?

ಲೆಕ್ಕ ಪೂರ್ತಿ ಮಾಡಿ, ಪುಟಕ್ಕೆ ಇಳಿಸುವುದು ಹತ್ತರಲ್ಲಿ ಒಂದನ್ನು. ಬರೆಯಲು ಕೂರುವ ಮೊದಲು ಒಂದು ಹಾಳೆಯಲ್ಲಿ ನಾಲ್ಕು ಕಲಂ ಎಳೆಯಿರಿ: ದಿನಕ್ಕೆ ಒಳಬರುವುದು, ದಿನಕ್ಕೆ ಖರ್ಚು, ಸಂಗ್ರಹ, ಕೆಡಬಹುದಾದ ಭಾಗ. ಶಕ್ತಿ, ನೀರು, ಅನ್ನ, ಮುಚ್ಚಿದ ಜಾಗವಾದರೆ ಗಾಳಿ, ಒಂದೊಂದಕ್ಕೂ ಒಂದು ಸಾಲು. ಸಂಗ್ರಹವನ್ನು ಖರ್ಚಿನಿಂದ ಭಾಗಿಸಿದರೆ ಎಷ್ಟು ದಿನ ಉಳಿದಿದೆ ಎಂಬುದು ಸಿಗುತ್ತದೆ. ಎಲ್ಲಕ್ಕಿಂತ ಚಿಕ್ಕ ಸಂಖ್ಯೆ ಯಾವ ಸಾಲಿನದೋ ಅದು ನಿಮ್ಮ ಕಥೆಯ ಗಡಿಯಾರ. ಓದುಗರಿಗೆ ಹೇಳಬೇಕಾದದ್ದು ಆ ಒಂದು ಸಂಖ್ಯೆ. ಅದು ಬದಲಾದಾಗಲೆಲ್ಲ ಮತ್ತೆ ಹೇಳಿ.

ಸಾಮಾನ್ಯವಾಗಿ ತಪ್ಪುವುದು ನಾಲ್ಕನೆಯ ಕಲಂನಲ್ಲಿ. ಏನೂ ಕೆಡದ ಯಂತ್ರ ಬರೆದವರಿಗೆ ನಡುವಿನ ಅಧ್ಯಾಯಗಳಲ್ಲಿ ಮಾಡಲು ಕೆಲಸ ಉಳಿಯುವುದಿಲ್ಲ, ಆಗ ಸುಮ್ಮನೆ ಒಂದು ಹೊಡೆದಾಟ ತುರುಕುತ್ತಾರೆ.

## ಯಂತ್ರಗಳು, ಇಂಧನ, ನೀರು

ನಾಯಕನ ಎಲೆಕ್ಟ್ರಿಕ್ ಜೀಪಿನ ಟಾಪ್ ಮೇಲೆ ಸೋಲಾರ್ ಹಾಕಿದ್ರೆ ನಿಲ್ಲದೆ ಓಡುತ್ತೆ ತಾನೆ?

ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಓಡುತ್ತದೆ. ಟಾಪ್ ಮೇಲೆ ಬಳಸಬಹುದಾದ ಜಾಗ ಸುಮಾರು 3 ಚದರ ಮೀಟರ್. ನಡುಹಗಲ ಬಿಸಿಲು ಚದರ ಮೀಟರಿಗೆ ಸುಮಾರು 1,000 ವ್ಯಾಟ್, ಒಳ್ಳೆಯ ಪ್ಯಾನೆಲ್ ಅದರಲ್ಲಿ ಐದನೇ ಒಂದು ಭಾಗವನ್ನು ಕರೆಂಟಾಗಿಸುತ್ತದೆ. ಅಲ್ಲಿಗೆ 600 ವ್ಯಾಟ್ ಆಯಿತು. ಬಯಲುಸೀಮೆಯಲ್ಲಿ ಆ ಮಟ್ಟದ ಬಿಸಿಲನ್ನು ದಿನಕ್ಕೆ ಐದು ಗಂಟೆ ಎಂದು ಲೆಕ್ಕ ಹಿಡಿಯಬಹುದು, 3 ಯೂನಿಟ್. ಕಾದ ಪ್ಯಾನೆಲ್ ಕಡಿಮೆ ಕೊಡುತ್ತದೆ: 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ 0.3ರಿಂದ 0.4 ಶೇಕಡ ನಷ್ಟ. ಧೂಳನ್ನೂ ಕಳೆದರೆ ಕೈಗೆ ಸಿಗುವುದು ಎರಡೂವರೆ ಯೂನಿಟ್. ಕಚ್ಚಾರಸ್ತೆಯಲ್ಲಿ ಜೀಪಿಗೆ ಕಿಲೋಮೀಟರಿಗೆ ಕಾಲು ಯೂನಿಟ್ ಖರ್ಚು.

ಇನ್ನೂ ದೂರ ಹೋಗಬೇಕೆಂದರೆ ಬಿಚ್ಚಿ ಹಾಸುವ 15 ಚದರ ಮೀಟರಿನ ಹಾಳೆ ಕೊಡಿ. ಆಗ ದಿನಕ್ಕೆ 12 ಯೂನಿಟ್, ಐವತ್ತು ಕಿಲೋಮೀಟರ್ ಹತ್ತಿರ ಬರುತ್ತದೆ. ಆದರೆ ಹಾಳೆ ಹಾಸಿದಷ್ಟು ಹೊತ್ತು ಜೀಪು ನಿಂತೇ ಇರಬೇಕು, ಮೇಲಿನಿಂದ ನೋಡಿದವರಿಗೆ ಅದು ಮಿರಮಿರ ಹೊಳೆಯುತ್ತದೆ, ಜೋರು ಗಾಳಿ ಬಂದರೆ ಹಾಯಿಯಂತೆ ಎದ್ದು ನಿಲ್ಲುತ್ತದೆ. ಬೆನ್ನಟ್ಟುವವರಿರುವ ಕಥೆಗೆ ಇದಕ್ಕಿಂತ ಬೇರೆ ಏನು ಬೇಕು?

ಇನ್ನೊಂದು ವಿವರ. ಸಾಮಾನ್ಯ ಪ್ಯಾನೆಲ್‌ನಲ್ಲಿ ಸೆಲ್ಲುಗಳು ಮೂರು ಗುಂಪಾಗಿ ಸರಣಿಯಲ್ಲಿರುತ್ತವೆ. ಒಂದು ಸೆಲ್ ಪೂರ್ತಿ ಮುಚ್ಚುವಂತೆ ತೇಗದ ಎಲೆಯೊಂದು ಬಿದ್ದರೂ ಆ ಗುಂಪಿನ ಕೆಲಸ ನಿಂತು ಮೂರನೇ ಒಂದು ಭಾಗ ಹೋಗುತ್ತದೆ. ಶತ್ರುವಿಗೆ ಬಾಂಬು ಬೇಕಿಲ್ಲ.

ಬ್ಯಾಟರಿ, ಹೈಡ್ರೋಜನ್, ಹೊಂಗೆ ಎಣ್ಣೆ. ಪಯಣದ ಕಥೆಗೆ ಯಾವುದು ಒಳ್ಳೆಯದು?

ತಲಾ 50 ಕಿಲೋ ತೂಕ ಕೊಟ್ಟು ನೋಡಿ. ಲಿಥಿಯಂ ಬ್ಯಾಟರಿಯಿಂದ ಚಕ್ರಕ್ಕೆ ಸುಮಾರು 9 ಯೂನಿಟ್ ತಲುಪುತ್ತದೆ. ಹೈಡ್ರೋಜನ್ ಸಿಲಿಂಡರಿನಲ್ಲಿ ತೂಕವೆಲ್ಲ ಸಿಲಿಂಡರಿನದ್ದೇ, 700 ಬಾರ್ ಒತ್ತಡದಲ್ಲಿ ತುಂಬಿದರೂ ಒಳಗಿನ ಅನಿಲ ಎರಡೂವರೆ ಕಿಲೋ. ಅದನ್ನು ಕರೆಂಟಾಗಿಸುವ ಫ್ಯುಯೆಲ್ ಸೆಲ್ ದಾಟಿ ಬರುವುದು 40 ಯೂನಿಟ್ ಆಸುಪಾಸು. ಹೊಂಗೆ ಎಣ್ಣೆಯಾದರೆ ಡಬ್ಬದ ತೂಕ ಕಳೆದರೂ ಎಂಜಿನ್ 130 ಯೂನಿಟ್ ಕೊಡಬಲ್ಲದು. ಓಟಕ್ಕೆ ಎಣ್ಣೆಯೇ ಗೆಲ್ಲುತ್ತದೆ ಎಂದು ಇದರಿಂದ ಅನ್ನಿಸುತ್ತದೆ. ತೊಂದರೆಗಳು ಬೇರೆ ಕಡೆ ಇವೆ.

ಹೈಡ್ರೋಜನ್‌ಗೆ 1 ಕಿಲೋ ತಯಾರಿಸಲು 50ರಿಂದ 55 ಯೂನಿಟ್ ಕರೆಂಟು, 9 ಲೀಟರ್ ಶುದ್ಧ ನೀರು ಬೇಕು. ಅದರ ಜ್ವಾಲೆ ಹಗಲಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಹಿಂದೆ ಅದನ್ನು ಬಳಸುತ್ತಿದ್ದ ಕಡೆ ಕೆಲಸಗಾರರು ಪೊರಕೆ ಮುಂದೆ ಚಾಚಿಕೊಂಡು ನಡೆಯುತ್ತಿದ್ದರು, ಪೊರಕೆ ಹೊತ್ತಿಕೊಂಡರೆ ಸೋರಿಕೆ ಅಲ್ಲೇ ಎಂದರ್ಥ. ಇಂಥ ದೃಶ್ಯ ಕೈಬಿಡಬೇಡಿ.

ಹೊಂಗೆಯ ಮಾತು ಬರೀ ಕಲ್ಪನೆಯಲ್ಲ, ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರ ತಂಡ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಡೀಸೆಲ್ ಜನರೇಟರು ಓಡಿಸಿ ನೀರೆತ್ತಿಸಿತ್ತು. ಗಾಣದಲ್ಲಿ ಹಿಂಡಿದರೆ ನಾಲ್ಕು ಕಿಲೋ ಬೀಜಕ್ಕೆ ಒಂದು ಲೀಟರ್ ಎಂದು ಹಿಡಿಯಿರಿ. ಹಾಗೇ ಸುರಿದರೂ ಹಳೇ ಎಂಜಿನ್ ಓಡುತ್ತದೆ, ಆದರೆ ಎಣ್ಣೆ ಮಂದ. ನಾಜಲ್ ತುದಿಯಲ್ಲಿ ಕರಿ ಕಟ್ಟುತ್ತದೆ, ಚಳಿಗೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಬಯೋಡೀಸೆಲ್ ಮಾಡುವುದಾದರೆ ಲೀಟರಿಗೆ 200 ಮಿಲಿ ಮೆಥನಾಲ್, ಅದರಲ್ಲಿ ಕರಗಿಸಿದ 3.5 ಗ್ರಾಂ ಕಾಸ್ಟಿಕ್ ಸೋಡಾ, ಎಣ್ಣೆಯ ಹುಳಿಗೆ ತಕ್ಕಂತೆ ಇನ್ನೂ ಸ್ವಲ್ಪ. 55–60 ಡಿಗ್ರಿಯಲ್ಲಿ ಒಂದು ಗಂಟೆ ಕಲಕಿ ರಾತ್ರಿ ಬಿಟ್ಟರೆ ಗ್ಲಿಸರಿನ್ ತಳಕ್ಕಿಳಿಯುತ್ತದೆ. ಬೀಜ ಒದ್ದೆಯಾಗಿದ್ದು ಹುಳಿ ಹೆಚ್ಚಾಗಿದ್ದರೆ ಇಂಧನದ ಬದಲು ಸೋಪು ಸಿಗುತ್ತದೆ, ಮೊದಲು ಆಮ್ಲ ಹಾಕಿ ಹುಳಿ ಇಳಿಸಬೇಕು. ಮೆಥನಾಲ್ ಆವಿ ವಿಷ, ಮುಚ್ಚಿದ ಕೋಣೆಯಲ್ಲಿ ಪಾತ್ರಗಳಿಂದ ಈ ಕೆಲಸ ಮಾಡಿಸಿದರೆ ಅವರಿಗೆ ತಲೆ ತಿರುಗಲೇಬೇಕು.

ಮರುಭೂಮಿಯಲ್ಲಿ ಗಾಳಿಯಿಂದ ನೀರು ತೆಗೆಯೋ ಯಂತ್ರ ನಿಜವಾಗಲೂ ಆಗುತ್ತಾ?

ಕರಾವಳಿಯಲ್ಲಿ ಸಲೀಸು, ಮರುಭೂಮಿಯಲ್ಲಿ ಬಲು ಕಷ್ಟ. ಅಂದರೆ ಬೇಡದ ಕಡೆ ಚೆನ್ನಾಗಿ ಓಡುವ ಯಂತ್ರವಿದು. 30 ಡಿಗ್ರಿ, ಶೇ 80 ಆರ್ದ್ರತೆಯ ಮಂಗಳೂರಿನ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 24 ಗ್ರಾಂ ತೇವ ಇರುತ್ತದೆ, 26 ಡಿಗ್ರಿಗೆ ತಣಿಸಿದರೆ ಇಬ್ಬನಿ ಕಟ್ಟಲು ಶುರು. ಅದೇ 30 ಡಿಗ್ರಿಯಲ್ಲಿ ಆರ್ದ್ರತೆ ಶೇ 20 ಇದ್ದರೆ ತೇವ 6 ಗ್ರಾಂ, ಇಬ್ಬನಿ ಕಟ್ಟಬೇಕಾದರೆ 5 ಡಿಗ್ರಿಗಿಂತ ಕೆಳಗೆ ಇಳಿಸಬೇಕು. ಅರ್ಧದಷ್ಟು ತೇವ ಹಿಂಡಿದರೂ ಒಂದು ಲೀಟರಿಗೆ 330 ಘನ ಮೀಟರ್ ಗಾಳಿ ಎಳೆಯಬೇಕು. ಅರ್ಧ ಹಿಂಡಲು ಗಾಳಿ ತಣಿಸುವ ಕೊಳವೆಸುರುಳಿ (ಕಾಯಿಲ್) ಸೊನ್ನೆ ಡಿಗ್ರಿಗಿಂತ ಕೆಳಗಿಳಿಯಬೇಕು, ಇಳಿದಾಗ ಅದರ ಮೇಲೆ ಮಂಜು ಕಟ್ಟಿ ಗಾಳಿಯ ದಾರಿಯೇ ಮುಚ್ಚುತ್ತದೆ.

ಒಣನಾಡಿಗೆ ಸರಿಹೋಗುವುದು ಹೀರುವ ಪುಡಿ. ರಾತ್ರಿ ತೆರೆದಿಟ್ಟರೆ ತೇವ ಹೀರಿಕೊಳ್ಳುತ್ತದೆ, ಹಗಲು ಗಾಜಿನ ಪೆಟ್ಟಿಗೆಯಲ್ಲಿ ಬಿಸಿಲಿಗಿಟ್ಟರೆ ಬಿಟ್ಟುಕೊಡುತ್ತದೆ. ದಿನಕ್ಕೆ ಒಂದೇ ಆವರ್ತನೆ. ನಾಯಕಿ ಆತುರಪಟ್ಟು ನಡುರಾತ್ರಿ ಮುಚ್ಚಳ ಹಾಕಿದರೆ ನಾಳೆಯ ನೀರು ಅರ್ಧ.

ಸಮುದ್ರದ ಹತ್ತಿರದ ಕಥೆಯಾದರೆ ರಿವರ್ಸ್ ಆಸ್ಮೋಸಿಸ್ ಬಳಸಿ, ಅಂದರೆ ಉಪ್ಪುನೀರನ್ನು ಒತ್ತಡದಲ್ಲಿ ತೆಳು ಪೊರೆಯ ಮೂಲಕ ಸೋಸುವುದು. ಸಾವಿರ ಲೀಟರಿಗೆ 3–4 ಯೂನಿಟ್ ಸಾಕು. 55–70 ಬಾರ್ ಒತ್ತಡದ ಪಂಪು ಬೇಕು, ಪೊರೆಯ ಮೇಲೆ ಪಾಚಿ ಕಟ್ಟುವುದೇ ಅದರ ಶನಿ.

ಚಂಡಮಾರುತ ಬಂದ್ರೆ ಗಾಳಿಯಂತ್ರದಿಂದ ಸಿಕ್ಕಾಪಟ್ಟೆ ಕರೆಂಟ್ ಬರುತ್ತಲ್ವಾ?

ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿರುವ ಶಕ್ತಿ ಎಂಟರಷ್ಟಾಗುವುದು ನಿಜ. ಆದರೆ ಸೆಕೆಂಡಿಗೆ 25 ಮೀಟರ್, ಅಂದರೆ ಗಂಟೆಗೆ 90 ಕಿಲೋಮೀಟರ್ ವೇಗದ ಹತ್ತಿರ ಯಂತ್ರ ರೆಕ್ಕೆಗಳನ್ನು ಗಾಳಿಗೆ ಅಂಚು ಕೊಟ್ಟು ತಿರುಗಿಸಿ ನಿಂತುಬಿಡುತ್ತದೆ. ಬಿರುಗಾಳಿಯ ರಾತ್ರಿಯೇ ದ್ವೀಪ ಕತ್ತಲಾಗುವುದು. ರೆಕ್ಕೆ ತಿರುಗಿಸುವ ಮೋಟಾರು ಕೆಟ್ಟಿದ್ದರೆ ಯಾರಾದರೂ ಮೇಲೆ ಹತ್ತಬೇಕು, ದೊಡ್ಡವುಗಳ ಕಂಬ ನೂರು ಮೀಟರಿನದು.

## ಮುಚ್ಚಿದ ಲೋಕಗಳು, ಮುಳುಗಿದ ಊರುಗಳು

ಗುಮ್ಮಟದೊಳಗಿನ ಊರಲ್ಲಿ ಬೇಕಾದಷ್ಟು ಗಿಡಗಳಿದ್ದರೆ ಆಮ್ಲಜನಕದ ಚಿಂತೆ ಇಲ್ಲವಲ್ಲ?

ಇದನ್ನು ನಿಜವಾಗಿ ಮಾಡಿ ನೋಡಿದ್ದಾರೆ. ಅರಿಜೋನಾದ ಬಯೋಸ್ಫಿಯರ್-2 ಎಂಬ ಗಾಜಿನ ಮನೆ ಸುಮಾರು 1.27 ಹೆಕ್ಟೇರಿನದು. ಒಳಗೆ ಮಳೆಕಾಡು, ಪುಟ್ಟ ಸಮುದ್ರ, ಹೊಲ. 1991ರ ಸೆಪ್ಟೆಂಬರಿನಲ್ಲಿ ಎಂಟು ಜನ ಎರಡು ವರ್ಷಕ್ಕೆಂದು ಒಳಹೊಕ್ಕರು. ಹದಿನಾರು ತಿಂಗಳಲ್ಲಿ ಆಮ್ಲಜನಕ ಶೇ 20.9ರಿಂದ 14.5ರ ಹತ್ತಿರಕ್ಕೆ ಇಳಿಯಿತು, ಸುಮಾರು 4,000 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟು. ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ನಿದ್ದೆಯಿಲ್ಲ. 1993ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕ ತುಂಬಬೇಕಾಯಿತು.

ತಿಂದದ್ದು ಯಾರು ಎಂಬುದು ಒಳ್ಳೆಯ ಪತ್ತೇದಾರಿ ಕಥೆ. ಬೆಳೆ ಚೆನ್ನಾಗಿ ಬರಲೆಂದು ಗೊಬ್ಬರ ತುಂಬಿದ ಮಣ್ಣು ಹಾಕಿದ್ದರು, ಅದರ ಸೂಕ್ಷ್ಮಜೀವಿಗಳು ಗಿಡ ಕೊಡುವುದಕ್ಕಿಂತ ಹೆಚ್ಚು ಉಸಿರಾಡಿದವು. ಹಾಗಿದ್ದರೆ ಅಷ್ಟೇ ಇಂಗಾಲದ ಡೈಆಕ್ಸೈಡ್ ಹೆಚ್ಚಬೇಕಿತ್ತು, ಅಷ್ಟು ಹೆಚ್ಚಿರಲಿಲ್ಲ. ಅದನ್ನು ಗೋಡೆಯ ಹಸಿ ಕಾಂಕ್ರೀಟು ಹೀರಿಕೊಂಡು ಸುಣ್ಣಕಲ್ಲು ಮಾಡಿಕೊಳ್ಳುತ್ತಿತ್ತು. ಆಮ್ಲಜನಕವೂ ಅದರೊಂದಿಗೆ ಗೋಡೆಯಲ್ಲಿ ಹೂತುಹೋಗಿತ್ತು. ಜೊತೆಗೆ ಪರಾಗ ಒಯ್ಯುವ ಕೀಟಗಳು ಸತ್ತವು, ಇರುವೆ ಜಿರಳೆಗಳು ಹೆಚ್ಚಿದವು, ಬಳ್ಳಿಗಳು ಮಳೆಕಾಡಿನ ಮೇಲೆ ಹಬ್ಬಿದವು.

ನಿಮ್ಮ ಗುಮ್ಮಟ ಕಟ್ಟುವಾಗ ಗೊಬ್ಬರ ಕಡಿಮೆಯ ಮಣ್ಣು ಹಾಕಿಸಿ, ಕಾಂಕ್ರೀಟಿಗೆ ಬಣ್ಣ ಹೊಡೆಸಿ. ಹಗಲ ಬಿಸಿಗೆ ಹಿಗ್ಗುವ ಗಾಳಿ ಗಾಜು ಒಡೆಯದಂತೆ ರಬ್ಬರ್ ಪೊರೆಯ ದೊಡ್ಡ ಕೋಣೆಯೊಂದನ್ನು ಜೋಡಿಸಿ. ಬಯೋಸ್ಫಿಯರಿನಲ್ಲಿ ಅದಕ್ಕೆ ‘ಶ್ವಾಸಕೋಶ’ ಎನ್ನುತ್ತಿದ್ದರು. ಕಾಡಿಗಿಂತ ನೆಚ್ಚಬಹುದಾದದ್ದು ಪಾಚಿಯ ತೊಟ್ಟಿ. ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್‌ನಲ್ಲಿ ನಡೆದ ಪ್ರಯೋಗಗಳ ಪ್ರಕಾರ ದೀಪದ ಬೆಳಕಲ್ಲಿ 8 ಚದರ ಮೀಟರ್ ಕ್ಲೋರೆಲ್ಲಾ ಪಾಚಿ ಒಬ್ಬರ ಉಸಿರಿಗೆ ಸಾಕು. ದೀಪ ಆರಿದರೆ ಪಾಚಿಯೂ ಆಮ್ಲಜನಕ ತಿನ್ನಲು ತೊಡಗುತ್ತದೆ, ಇದನ್ನು ಮರೆತ ಕಥೆಗಳು ಬಹಳ.

ಕೋಲಾರದ ಗಣಿಯೊಳಗೆ ಎಲ್‌ಇಡಿ ಬೆಳಕಲ್ಲಿ ಭತ್ತ ಬೆಳೆದು ಬದುಕೋ ಜನರ ಕಥೆ ಬರೀತಿದ್ದೀನಿ. ಆಗಬಹುದಾ?

ಕರೆಂಟು ಎಲ್ಲಿಂದ ಎಂದು ಮೊದಲು ಹೇಳಿ. ಒಬ್ಬರ ಒಂದು ದಿನದ ಊಟ 2,000 ಕಿಲೋ ಕ್ಯಾಲರಿ, ಅಂದರೆ 2.3 ಯೂನಿಟ್. ಬೆಳೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ 2ರಷ್ಟನ್ನು ತಿನ್ನುವ ಕಾಳಾಗಿಸಿದರೆ ಬಹಳವಾಯಿತು, ದೀಪ ಕರೆಂಟಿನ ಶೇ 60ರಷ್ಟನ್ನು ಬೆಳಕಾಗಿಸುತ್ತದೆ. ಎರಡೂ ಸೇರಿದರೆ ತಲೆಗೆ ದಿನಕ್ಕೆ 200 ಯೂನಿಟ್ ಹತ್ತಿರ ಬೇಕು. ನೂರು ಜನಕ್ಕೆ ದಿನವೂ 20,000 ಯೂನಿಟ್. ಸೊಪ್ಪು, ಅಣಬೆ ಬೆಳೆಯಬಹುದು, ಅಕ್ಕಿ ಅನ್ನುವುದು ಶ್ರೀಮಂತರ ಆಟ.

ಜಾಗದ ತೊಂದರೆ ಬೇರೆ. ಕೆಜಿಎಫ್ ಗಣಿ ಮೂರು ಕಿಲೋಮೀಟರಿಗಿಂತ ಆಳದ್ದು, ಅಲ್ಲಿನ ಬಂಡೆ 60 ಡಿಗ್ರಿ ದಾಟುತ್ತದೆ. 2001ರಲ್ಲಿ ಮುಚ್ಚಿದ ಮೇಲೆ ಪಂಪು ನಿಂತು ನೀರು ತುಂಬಿಕೊಂಡಿದೆ. ಮೇಲೆ ಸಯನೈಡ್ ಬೆರೆತ ಗಣಿಮಣ್ಣಿನ ದಿಬ್ಬಗಳು. ಕಥೆಯನ್ನು ಮೇಲ್ಮಟ್ಟದ ಸುರಂಗಗಳಿಗೆ ಏರಿಸಿ, ಕೆಳಗಿನ ಶಾಖವನ್ನೂ ನೀರನ್ನೂ ಶಕ್ತಿಗೆ ಬಳಸಿಕೊಳ್ಳಿ. ಆಗ ಆಳಕ್ಕಿಳಿದು ಪೈಪು ಸರಿಮಾಡಿ ಬರುವ ಒಂದು ಅಧ್ಯಾಯ ತಾನಾಗಿ ಹುಟ್ಟುತ್ತದೆ. ಇನ್ನೊಂದು ಎಳೆಯೂ ಇದೆ: ಇದೇ ಗಣಿಗೆ ಶಿವನಸಮುದ್ರದಿಂದ 1902ರಲ್ಲೇ ಜಲವಿದ್ಯುತ್ ಬಂದಿತ್ತು.

ಒಂದೇ ರಾತ್ರಿಗೆ ಬೆಂಗಳೂರು ಸಮುದ್ರದಲ್ಲಿ ಮುಳುಗಿತು ಅಂತ ಬರೆದಿದ್ದೆ. ಸ್ನೇಹಿತರೆಲ್ಲ ನಕ್ಕರು. ಯಾಕೆ?

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಭೂಮಿಯ ಮೇಲಿನ ಹಿಮವೆಲ್ಲ ಕರಗಿದರೂ ಕಡಲು ಏರುವುದು 65–70 ಮೀಟರ್, ಅದೂ ಸಾವಿರಾರು ವರ್ಷಗಳಲ್ಲಿ. ಈಗಿನ ಏರಿಕೆ ವರ್ಷಕ್ಕೆ 4–5 ಮಿಲಿಮೀಟರ್. ಕಡಲು ಮೊದಲು ಬರುವುದು ಅಲೆಯಾಗಿ ಅಲ್ಲ, ಬಾವಿಯ ಉಪ್ಪಾಗಿ.

ಬೆಂಗಳೂರಿಗೆ ಅದರದ್ದೇ ಆದ ಅಪಾಯ ಇದೆ. ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಹಂತ ಹಂತವಾಗಿ ಪಂಪಾಗಿ ಬರುತ್ತದೆ. ಸಾವಿರ ಲೀಟರನ್ನು 500 ಮೀಟರ್ ಎತ್ತಲು ಬರೀ ಗುರುತ್ವದ ಲೆಕ್ಕದಲ್ಲೇ 1.36 ಯೂನಿಟ್, ಪಂಪಿನ ನಷ್ಟ ಸೇರಿದರೆ ಎರಡರ ಹತ್ತಿರ. ಮೂರು ದಿನ ಪಂಪಿಂಗ್ ಸ್ಟೇಷನ್ನಿಗೆ ಕರೆಂಟಿಲ್ಲ ಎಂದು ಬರೆಯಿರಿ, ನಗರ ಮುಳುಗಿಸುವ ಅಗತ್ಯವೇ ಬೀಳುವುದಿಲ್ಲ. ನೊರೆ ಉಕ್ಕಿ ರಸ್ತೆಗೆ ಬರುವ, ಬೆಂಕಿ ಹೊತ್ತಿಕೊಳ್ಳುವ ಕೆರೆ ಬೆಳ್ಳಂದೂರಿನಲ್ಲಿ ಎಲ್ಲರೂ ಕಂಡದ್ದೇ, ಕಲ್ಪಿಸಬೇಕಿಲ್ಲ.

ಕಡಲೇ ಬೇಕೆಂದರೆ ಕುಮಟಾದ ಅಘನಾಶಿನಿ ಅಳಿವೆಗೆ ಹೋಗಿ. ಅಲ್ಲಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ, ನೆರೆಯಲ್ಲಿ ಮುಳುಗಿದರೂ ಚೇತರಿಸಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. 2150ರಲ್ಲಿ ಕರಾವಳಿಯೆಲ್ಲ ಉಪ್ಪಾದಾಗ ಒಂದು ಮೂಟೆ ಕಗ್ಗದ ಬೀಜ ಸಾಗಿಸುವ ದೋಣಿಯ ಕಥೆಗೆ ಲೇಸರ್ ಬಂದೂಕಿನ ಹಂಗಿಲ್ಲ.

## ಮುಂದುವರಿದ ಪ್ರಶ್ನೆಗಳು

ಅಂತರಿಕ್ಷದ ಸೌರ ಉಪಗ್ರಹದ ಕಿರಣ ತಿರುಗಿಸಿ ಖಳನಾಯಕ ಊರು ಸುಡಬಹುದಾ?

ಸುಡಲಾರ, ಭೌತಶಾಸ್ತ್ರ ಬಿಡುವುದಿಲ್ಲ. ಬಿಸಿಲಿನಿಂದ ಮೇಲೆಯೇ ಕರೆಂಟು ಮಾಡಿ ಮೈಕ್ರೋವೇವ್ ಕಿರಣವಾಗಿ ನೆಲಕ್ಕಿಳಿಸಲು ನಾಸಾ 1970ರ ದಶಕದಲ್ಲಿ ಹಾಕಿದ ನಕ್ಷೆಯಲ್ಲಿ ಉಪಗ್ರಹದ ಆಂಟೆನಾ ಒಂದು ಕಿಲೋಮೀಟರ್ ಅಗಲ, ನೆಲದ ಆಂಟೆನಾ ಸುಮಾರು 10 ಕಿಲೋಮೀಟರ್ ಅಗಲ, ಇಳಿಸುವ ಶಕ್ತಿ 5,000 ಮೆಗಾವ್ಯಾಟ್. ಕಿರಣದ ನಟ್ಟನಡುವೆಯೂ ಚದರ ಮೀಟರಿಗೆ 230 ವ್ಯಾಟ್, ನಡುಹಗಲ ಬಿಸಿಲಿನ ಕಾಲುಭಾಗ. 12 ಸೆಂಟಿಮೀಟರ್ ತರಂಗವನ್ನು 36,000 ಕಿಲೋಮೀಟರ್ ದೂರದಿಂದ ಬಿಟ್ಟಾಗ ಅದು ಕಿಲೋಮೀಟರುಗಟ್ಟಲೆ ಹರಡಿಯೇ ಹರಡುತ್ತದೆ, ಭೂತಗನ್ನಡಿ ಹಿಡಿದಂತೆ ಚುಕ್ಕಿ ಮಾಡಲಾಗದು. ಮೇಲಾಗಿ ಕಿರಣ ಒಟ್ಟಾಗಿರಬೇಕಾದರೆ ನೆಲದಿಂದ ಒಂದು ದಾರಿತೋರುವ ಸಂಕೇತ ಹೋಗುತ್ತಿರಬೇಕು. ಅದು ತಪ್ಪಿದರೆ ಕಿರಣ ತಾನಾಗಿ ಚೆದುರುತ್ತದೆ.

ಖಳನಾಯಕ ಬುದ್ಧಿವಂತನಾದರೆ ಆ ಸಂಕೇತವನ್ನೇ ಕೆಡಿಸುತ್ತಾನೆ. 5,000 ಮೆಗಾವ್ಯಾಟ್ ಒಮ್ಮೆಗೇ ಕಾಣೆಯಾದರೆ ಗ್ರಿಡ್ಡಿನ ಉಳಿದ ಸ್ಥಾವರಗಳೂ ಸೆಕೆಂಡುಗಳಲ್ಲಿ ಒಂದರ ಹಿಂದೊಂದು ಕಳಚಿಕೊಳ್ಳಬಹುದು.

ಆಕಾಶಕ್ಕೆ ಗಂಧಕ ಎರಚಿ ಭೂಮಿ ತಂಪು ಮಾಡೋ ಕಥೆಗೆ ಏನೆಲ್ಲ ತಿಳಿದಿರಬೇಕು?

ಮಾದರಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ. 1991ರ ಜೂನ್ 15ರಂದು ಸಿಡಿದು ಸುಮಾರು 1.5ರಿಂದ 2 ಕೋಟಿ ಟನ್ ಗಂಧಕದ ಡೈಆಕ್ಸೈಡ್ ಮೇಲೆಸೆಯಿತು, ಜಗತ್ತು ಸುಮಾರು ಅರ್ಧ ಡಿಗ್ರಿ ತಣಿಯಿತು. ಬಿಸಿಲಿಗೆ ಅಡ್ಡವಾಗಿದ್ದದ್ದು ಅದರಿಂದ ಹುಟ್ಟಿದ ಗಂಧಕಾಮ್ಲದ ಹನಿಗಳು, ಒಂದೆರಡು ವರ್ಷದಲ್ಲಿ ಅವೆಲ್ಲ ಕೆಳಗಿಳಿದವು. ಆದ್ದರಿಂದ ಎರಚುವ ಕೆಲಸ ಪ್ರತಿ ವರ್ಷ ನಡೆಯುತ್ತಲೇ ಇರಬೇಕು. ನಿಲ್ಲಿಸಿದರೆ ಅಷ್ಟು ದಿನ ತಡೆದಿಟ್ಟ ತಾಪ ಕೆಲವೇ ವರ್ಷಗಳಲ್ಲಿ ಮೇಲೆ ಬೀಳುತ್ತದೆ.

ಪ್ರಯಾಣಿಕರ ವಿಮಾನ ಹಾರುವುದು 12 ಕಿಲೋಮೀಟರ್ ಎತ್ತರದಲ್ಲಿ. ಗಂಧಕ ಎರಚಬೇಕಾದ ಮೇಲಿನ ಗಾಳಿಪದರ, ಅಂದರೆ ಸ್ಟ್ರಾಟೋಸ್ಫಿಯರ್, ನಮ್ಮ ಅಕ್ಷಾಂಶದಲ್ಲಿ ಶುರುವಾಗುವುದು 17ರ ಹತ್ತಿರ. ಹಾಗಾಗಿ ಬಾಡಿಗೆ ವಿಮಾನದಲ್ಲಿ ಗುಟ್ಟಾಗಿ ಎರಚಿದರು ಎಂಬುದು ನಡೆಯದು. ಆಕಾಶದ ನೀಲಿ ಬೆಳ್ಳಗಾಗುತ್ತದೆ, ಸಂಜೆ ಕೆಂಪೇರುತ್ತದೆ; ಕನ್ನಡಿಯಿಂದ ಬಿಸಿಲು ಒಟ್ಟುಮಾಡುವ ಸ್ಥಾವರಗಳು ಮಾಮೂಲಿ ಪ್ಯಾನೆಲ್‌ಗಳಿಗಿಂತ ಹೆಚ್ಚು ಸೊರಗುತ್ತವೆ. ನಮಗೆ ಮುಖ್ಯವಾದದ್ದು ಮುಂಗಾರು. ಪಿನಾಟುಬೊ ನಂತರ 1992ರಲ್ಲಿ ಜಗತ್ತಿನ ನೆಲದ ಮೇಲಿನ ಮಳೆ ಕಡಿಮೆಯಾಗಿತ್ತು. ಒಂದು ದೇಶ ತನ್ನ ಸೆಕೆ ತಗ್ಗಿಸಿಕೊಳ್ಳಲು ಎರಚಿದಾಗ ಇನ್ನೊಂದು ದೇಶದ ಮಳೆ ತಪ್ಪಿದರೆ, ತಪ್ಪಿದ್ದು ಅದರಿಂದಲೇ ಎಂದು ಯಾರು ಸಾಬೀತು ಮಾಡುತ್ತಾರೆ? ಯುದ್ಧಕ್ಕೆ ಇಷ್ಟು ಅನುಮಾನ ಧಾರಾಳವಾಯಿತು.

ಪ್ಲಾಸ್ಟಿಕ್ ತಿನ್ನೋ ಬ್ಯಾಕ್ಟೀರಿಯಾ ತಪ್ಪಿಸಿಕೊಂಡು ಲೋಕದ ಪ್ಲಾಸ್ಟಿಕ್ಕನ್ನೆಲ್ಲ ತಿಂದುಬಿಟ್ಟರೆ?

‘ಎಲ್ಲ’ ಎಂಬ ಮಾತು ಬಿಡಿ. ಜಪಾನಿನ ಸಕಾಯ್‌ನಲ್ಲಿ ಸಿಕ್ಕು 2016ರಲ್ಲಿ ಪ್ರಕಟವಾದ ಬ್ಯಾಕ್ಟೀರಿಯಾ ತಿನ್ನುವುದು ನೀರಿನ ಬಾಟಲಿಯ ಪಿಇಟಿಯನ್ನು ಮಾತ್ರ. 30 ಡಿಗ್ರಿ ತೇವದಲ್ಲಿ ತೆಳು ಹಾಳೆಯೊಂದಕ್ಕೆ ಆರು ವಾರ ತೆಗೆದುಕೊಂಡಿತು. ಪಾಲಿಥೀನ್ ಚೀಲ, ಪಿವಿಸಿ ಪೈಪು, ವೈರಿನ ಹೊದಿಕೆ ಬೇರೆ ರಾಸಾಯನಿಕಗಳು, ಅದರ ಕಿಣ್ವಕ್ಕೆ ದಕ್ಕವು. ಒಣಗಿದ್ದರೆ ಏನೂ ಆಗದು. ಆದರೆ ಪಾಲಿಯೆಸ್ಟರ್ ಕೂಡ ಪಿಇಟಿಯೇ. ಹಾಯಿಪಟ, ದೋಣಿಯ ಹಗ್ಗ, ಡೇರೆ, ಎಲ್ಲವೂ ಒದ್ದೆಯಲ್ಲೇ ಇರುವಂಥವು. ವೇಗ ಹತ್ತರಷ್ಟು ಮಾಡಿಕೊಂಡರೆ ನಂಬುವಂಥ ಸಮುದ್ರಯಾನದ ಕಥೆ ಸಿಗುತ್ತದೆ.

ಫ್ಯೂಷನ್ ಬಂದುಬಿಟ್ರೆ ಈ ಲೆಕ್ಕ ಯಾವುದೂ ಬೇಕಿಲ್ಲ ಅಲ್ವಾ?

ಫ್ಯೂಷನ್ ಅಂದರೆ ಹಗುರ ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವುದು. 2022ರ ಡಿಸೆಂಬರಿನಲ್ಲಿ ಅಮೆರಿಕದ ಪ್ರಯೋಗಾಲಯವೊಂದು ಹೀಗೆ 2.05 ಮೆಗಾಜೂಲ್ ಲೇಸರ್ ಕೊಟ್ಟು 3.15 ಮೆಗಾಜೂಲ್ ಪಡೆಯಿತು. ಆ ಲೇಸರ್ ಹೊತ್ತಿಸಲು ಗೋಡೆಯಿಂದ ಎಳೆದ ಕರೆಂಟು ಸುಮಾರು 300 ಮೆಗಾಜೂಲ್. ಬರಲಿ ಎಂದೇ ಇಟ್ಟುಕೊಳ್ಳಿ. ಇಂಧನವಾದ ಟ್ರಿಟಿಯಂ 12.3 ವರ್ಷಕ್ಕೆ ಅರ್ಧವಾಗುತ್ತದೆ, ಕೂಡಿಟ್ಟ ದಾಸ್ತಾನು ಹಾಗೇ ಕರಗುತ್ತದೆ. ಬಿಸಿಯಿಂದ ಹಬೆ ಎಬ್ಬಿಸಿ ಕರೆಂಟು ಮಾಡುವ ಸ್ಥಾವರ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಶಾಖವನ್ನು ನದಿಗೋ ಗಾಳಿಗೋ ಬಿಡುತ್ತದೆ. ನದಿ ಬೆಚ್ಚಗಾದರೆ ಮೀನಿಗೆ ಕುತ್ತು, ಅಲ್ಲಿಂದ ಕಥೆ ಮತ್ತೆ ಶುರು.

ತೈಲ ಕಂಪನಿ ಮಾಲೀಕನ್ನ ಬಿಟ್ಟು ಬೇರೆ ಖಳನಾಯಕ ಸಿಗಲ್ವಾ?

ಖಳನಾಯಕನನ್ನು ಹುಡುಕುವುದಕ್ಕಿಂತ ಇಬ್ಬರು ಒಳ್ಳೆಯವರನ್ನು ಎದುರುಬದುರು ನಿಲ್ಲಿಸಿ. ಪಾವಗಡದ ಸೋಲಾರ್ ಪಾರ್ಕ್ ನೋಡಿ: 2,050 ಮೆಗಾವ್ಯಾಟ್, ಸುಮಾರು 13,000 ಎಕರೆ. ಜಮೀನು ಕೊಂಡುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಬರದ ಸೀಮೆಯಲ್ಲಿ ಮಳೆ ನೆಚ್ಚಿ ಸೋತ ರೈತನಿಗೆ ಇದು ಖಾತ್ರಿ ಆದಾಯ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವರಿಗೆ ಗುತ್ತಿಗೆ ಹಣ ಬರುವುದಿಲ್ಲ, ಕುರಿ ಮೇಯಿಸುವವರಿಗೆ ಬೇಲಿ ಅಡ್ಡ. ಒಂದೇ ಊರು, ಒಂದೇ ಪ್ಯಾನೆಲ್, ಎರಡು ಬದುಕು. ಗುತ್ತಿಗೆ ಮುಗಿಯುವ ವರ್ಷಕ್ಕೆ ಕಥೆ ಇಟ್ಟರೆ ಬದುಗಳೇ ಅಳಿಸಿಹೋದ ನೆಲದಲ್ಲಿ ಯಾರ ಹೊಲ ಎಲ್ಲಿತ್ತೆಂದು ಹುಡುಕಬೇಕು.

ಶರಾವತಿಯೂ ಹೀಗೆಯೇ. 1964ರ ಲಿಂಗನಮಕ್ಕಿ ಅಣೆಕಟ್ಟು ನಾಡಿಗೆ ಹೊಗೆಯಿಲ್ಲದ ಬೆಳಕು ಕೊಟ್ಟಿತು, ಮುಳುಗಡೆಯಾದವರ ಭೂಮಿಯ ಹಕ್ಕಿನ ಜಗಳ ಅರ್ಧ ಶತಮಾನ ದಾಟಿಯೂ ಮುಗಿದಿಲ್ಲ. ಹಸಿರು ಶಕ್ತಿಗೆ ಹೊಗೆ ಇರದಿರಬಹುದು, ವಿಳಾಸ ಇದ್ದೇ ಇರುತ್ತದೆ. ಆ ವಿಳಾಸದಲ್ಲಿ ಮೊದಲು ಯಾರಿದ್ದರು ಎಂದು ಕೇಳಿದವನನ್ನು ನಾಯಕನನ್ನಾಗಿ ಮಾಡಿ.

ನಾಗರಿಕತೆ ಕುಸಿದು 60 ವರ್ಷ ಆಗಿದೆ. ಬದುಕುಳಿದವರಿಗೆ ಹಳೇ ಸೋಲಾರ್ ಪಾರ್ಕ್ ಸಿಗುತ್ತೆ. ಅದು ಇನ್ನೂ ಕೆಲಸ ಮಾಡುತ್ತಾ?

ಪ್ಯಾನೆಲ್‌ಗಳಲ್ಲಿ ಕೆಲವು ಮಾಡುತ್ತವೆ, ಉಳಿದದ್ದು ಯಾವುದೂ ಇಲ್ಲ. ಪ್ಯಾನೆಲ್ ವರ್ಷಕ್ಕೆ ಶೇ ಅರ್ಧದಷ್ಟು ಸೊರಗುತ್ತದೆ. 60 ವರ್ಷಕ್ಕೆ ಲೆಕ್ಕದ ಪ್ರಕಾರ ಮುಕ್ಕಾಲು ಭಾಗ ಉಳಿಯಬೇಕು. ಆದರೆ ಬೆನ್ನಿನ ಪ್ಲಾಸ್ಟಿಕ್ ಹಾಳೆ ಬಿರುಕು ಬಿಟ್ಟು ತೇವ ಒಳಹೊಕ್ಕವು ಸತ್ತಿರುತ್ತವೆ. ಎರಡು ಗಾಜುಗಳ ನಡುವೆ ಸೆಲ್ಲುಗಳಿರುವವು ಹೆಚ್ಚು ಬಾಳುತ್ತವೆ. ಇನ್ವರ್ಟರಿನ ಕೆಪಾಸಿಟರುಗಳು, ಬ್ಯಾಟರಿಗಳು ಹತ್ತು ಹದಿನೈದು ವರ್ಷದವು, ಎಂದೋ ಮುಗಿದಿರುತ್ತವೆ.

ಆದ್ದರಿಂದ ಅವರು ಪ್ಯಾನೆಲ್‌ಗಳನ್ನು ನೇರವಾಗಿ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ) ಮೋಟಾರಿನ ಪಂಪಿಗೆ ಕಟ್ಟಬೇಕು. ಬಿಸಿಲಿದ್ದಾಗ ನೀರು ಮೇಲಿನ ತೊಟ್ಟಿಗೆ, ತೊಟ್ಟಿಯೇ ಬ್ಯಾಟರಿ. 60 ಸೆಲ್ಲಿನ ಒಂದು ಪ್ಯಾನೆಲ್ ತೆರೆದ ತಂತಿಯಲ್ಲಿ 38 ವೋಲ್ಟ್ ತೋರಿಸುತ್ತದೆ, 24 ವೋಲ್ಟಿನ ಮೋಟಾರಿಗೆ ಸರಣಿಯಲ್ಲಲ್ಲ, ಸಮಾನಾಂತರವಾಗಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಜೋಡಿಸಿ.

ಅಪಾಯ ಪಾರ್ಕಿನ ಸಾಲಿನಲ್ಲಿದೆ. ಅಲ್ಲಿ ಹತ್ತಾರು ಪ್ಯಾನೆಲ್ ಸರಣಿಯಲ್ಲಿದ್ದು ವೋಲ್ಟೇಜು 1,000 ದಾಟಬಹುದು. ಹಗಲಲ್ಲಿ ಪ್ಯಾನೆಲ್ಲಿಗೆ ಸ್ವಿಚ್ ಇಲ್ಲ, ಬಿಸಿಲೇ ಸ್ವಿಚ್ಚು. ಕರೆಂಟು ಹರಿಯುತ್ತಿರುವಾಗ ಪ್ಲಗ್ ಎಳೆದರೆ ಡಿಸಿ ಕಿಡಿ ಆರದೆ ಉದ್ದಕ್ಕೆ ಎಳೆದುಕೊಂಡು ಬರುತ್ತದೆ, ಕೈ ಸುಡುತ್ತದೆ, ಒಣಹುಲ್ಲಿಗೂ ಹೊತ್ತಿಕೊಳ್ಳುತ್ತದೆ. ಬಿಚ್ಚುವ ಕೆಲಸ ಕತ್ತಲಾದ ಮೇಲೆ ಮಾಡಲಿ, ಹಗಲೇ ಆಗಬೇಕಿದ್ದರೆ ಕಂಬಳಿ ಹೊದಿಸಿ, ಸಾಲಿನ ಎರಡೂ ತುದಿ ನೋಡಿಕೊಂಡು, ನಡುವಿನ ಪ್ಲಗ್ಗಿನಿಂದ ಶುರುಮಾಡಲಿ. ಕಂಬಳಿ ಬಿಸಿಲನ್ನು ಪೂರ್ತಿ ತಡೆಯುವಷ್ಟು ದಪ್ಪವಿರಬೇಕು, ಹಳೇ ಸೀರೆಯಿಂದ ಆಗದು.